ಧರ್ಮಕೇಂದ್ರದ ಪತ್ರಿಕೆಗೆ ಹೆಸರು: ಎಲ್ಲಿ ಹುಡುಕಬೇಕು, ಹೇಗೆ ಒರೆಗೆ ಹಚ್ಚಬೇಕು

ಬೆಂಗಳೂರಿನ ಪಶ್ಚಿಮ ಭಾಗದ ನಮ್ಮ ಕಥೋಲಿಕ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಒಂದು ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಬೇಕೆಂದು ನಾವು ಆರು ಮಂದಿ ಕೂಡಿದಾಗ, ಲೇಖನ ಯಾರು ಬರೆಯುತ್ತಾರೆ, ಮುದ್ರಣದ ಖರ್ಚು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗಳಿಗಿಂತ ಹೆಚ್ಚು ಕಾಲ ಹಿಡಿದದ್ದು ಹೆಸರಿನ ಪ್ರಶ್ನೆ. ಭಾನುವಾರದ ಎಂಟು ಗಂಟೆಯ ಬಲಿಪೂಜೆ (ಮಾಸ್) ಮುಗಿದ ಮೇಲೆ ದೇವಾಲಯದ ಪಕ್ಕದ ಜಗಲಿಯಲ್ಲಿ ಕುಳಿತು, ಧರ್ಮೋಪದೇಶ ತರಗತಿಯ ಹಾಜರಿ ಪುಸ್ತಕದ ಕೊನೆಯ ಹಾಳೆಗಳಲ್ಲಿ ತೋಚಿದ ಹೆಸರುಗಳನ್ನೆಲ್ಲ ಬರೆದೆವು. ಇಪ್ಪತ್ತೇಳು ಹೆಸರುಗಳಾದವು. ಗಟ್ಟಿಯಾಗಿ ಓದಿ ನೋಡಿದರೆ ಅವುಗಳಲ್ಲಿ ಒಂಬತ್ತು 'ಜ್ಯೋತಿ'ಯಿಂದಲೂ ಐದು 'ವಾಣಿ'ಯಿಂದಲೂ ನಾಲ್ಕು 'ಕಿರಣ'ದಿಂದಲೂ ಕೊನೆಗೊಂಡಿದ್ದವು.

ಆ ಹೆಸರುಗಳಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಒಂದೂ ನಮ್ಮದು ಎನಿಸಲಿಲ್ಲ. ಯಾವ ಊರಿನ ಯಾವ ಸಂಘ ಬೇಕಾದರೂ ಇಟ್ಟುಕೊಳ್ಳಬಹುದಾದ ಹೆಸರು ನಮ್ಮ ಪತ್ರಿಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಲ್ಲಿಂದ ಎರಡು ಹೆಸರುಗಳ ಹತ್ತಿರಕ್ಕೆ ಬರಲು ನಮಗೆ ಮೂರು ತಿಂಗಳು ಬೇಕಾಯಿತು. ಆ ಹುಡುಕಾಟದಲ್ಲಿ ಕಲಿತದ್ದನ್ನು, ಇಂಥದೇ ಕೆಲಸಕ್ಕೆ ಕೈಹಾಕಿರುವ ಕಥೋಲಿಕ ಬರಹಗಾರರಿಗೆ ನೆರವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಮನವರಿಕೆಯಾದ ಮಾತು ಒಂದೇ: ಹೆಸರನ್ನು ಹೊಸದಾಗಿ ಕಟ್ಟಲು ಹೋಗಬಾರದು, ನಮ್ಮ ಜನ ಪ್ರಾರ್ಥನೆಯಲ್ಲಿ, ಹಬ್ಬದಲ್ಲಿ, ಮನೆಯಲ್ಲಿ ಈಗಾಗಲೇ ಆಡುತ್ತಿರುವ ಮಾತುಗಳೊಳಗೆ ಅದನ್ನು ಹುಡುಕಬೇಕು.

ಹುಡುಕುವುದಕ್ಕೆ ಮೊದಲು ಪತ್ರಿಕೆ ಯಾರಿಗಾಗಿ, ಏನನ್ನು ಮಾಡಲಿದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಮಕ್ಕಳಿಗೆ ಭಾನುವಾರದ ಶುಭಸಂದೇಶವನ್ನು (ಯೇಸುವಿನ ಬದುಕು, ಬೋಧನೆಗಳನ್ನು ಹೇಳುವ ಬೈಬಲ್ ಭಾಗವನ್ನು) ವಿವರಿಸುವ ಪತ್ರಿಕೆಗೂ ದುಡಿಯುವ ಯುವಜನರ ಬದುಕನ್ನು ಚರ್ಚಿಸುವ ಪತ್ರಿಕೆಗೂ ಒಂದೇ ಹೆಸರು ಒಪ್ಪುವುದಿಲ್ಲ. ನಮ್ಮ ವಾಕ್ಯ ಹೀಗಿತ್ತು: ಧರ್ಮಕೇಂದ್ರದ ಹಿರಿಯರ ನೆನಪುಗಳನ್ನು, ಅವರು ಇರುವಾಗಲೇ, ಅವರ ಮಾತಿನಲ್ಲೇ ಬರೆದಿಡುವುದು. ಈ ವಾಕ್ಯವನ್ನು ಮೊದಲ ದಿನವೇ ಬರೆದುಕೊಂಡಿದ್ದರೆ ಇಪ್ಪತ್ತೇಳು ಹೆಸರುಗಳಲ್ಲಿ ಇಪ್ಪತ್ತು ಅಂದೇ ಬಿದ್ದುಹೋಗುತ್ತಿದ್ದವು.

ಹುಡುಕಾಟಕ್ಕೆ ಮೊದಲ ಜಾಗ ಪ್ರಾರ್ಥನೆಯ ಪುಸ್ತಕ. ಲೋಕದ ಕಥೋಲಿಕ ಧರ್ಮಾಧ್ಯಕ್ಷರು (ಬಿಷಪರು) ಕೂಡಿದ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಪೂಜಾವಿಧಿಯ ಸಂವಿಧಾನವು ಜನಭಾಷೆಗಳಿಗೆ ಬಾಗಿಲು ತೆರೆದ ಮೇಲೆ, ಲತೀನಿನಲ್ಲಿ ನಡೆಯುತ್ತಿದ್ದ ಪೂಜೆ ಕನ್ನಡಕ್ಕೆ ಬಂತು. ಅದಕ್ಕೂ ಹಿಂದಿನಿಂದ ಜಪಸರದ ಜೊತೆಗೆ, ಧರ್ಮೋಪದೇಶ ಕಲಿಸುವ ಉಪದೇಶಿಗಳ ಬಾಯಿಪಾಠದ ಜೊತೆಗೆ ಬೆಳೆದುಬಂದ ನುಡಿಗಳೂ ಅದರಲ್ಲಿ ಸೇರಿಕೊಂಡವು. ಪರಮಪ್ರಸಾದ, ವರಪ್ರಸಾದ, ಧರ್ಮಸಭೆ, ಪ್ರೇಷಿತ, ಅಮಲೋದ್ಭವ, ಪುನರುತ್ಥಾನ, ತಪಸ್ಸುಕಾಲ, ಆಗಮನಕಾಲ: ಇವು ನಮ್ಮ ಮಕ್ಕಳು ಅರ್ಥ ತಿಳಿಯುವ ಮೊದಲೇ ಉಚ್ಚರಿಸಲು ಕಲಿಯುವ ಮಾತುಗಳು. ಪ್ರಾರ್ಥನೆ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಪೆನ್ಸಿಲ್ ಹಿಡಿದು ಓದಿ, ಕಿವಿಗೆ ಹಿತವಾದ ಪ್ರತಿಯೊಂದು ಪದದ ಕೆಳಗೆ ಗೆರೆ ಎಳೆಯಿರಿ. ನಾನು ಹಾಗೆ ಮಾಡಿದಾಗ, ವರ್ಷಗಳಿಂದ ಕೇಳುತ್ತಿದ್ದರೂ ಗಮನಿಸದೆ ಬಿಟ್ಟಿದ್ದ ಒಂದು ಹೆಸರು ಕಣ್ಣಿಗೆ ಬಿತ್ತು: 'ಸಾಧಾರಣ ಕಾಲ'. ಆಗಮನಕಾಲ, ಕ್ರಿಸ್ತಜಯಂತಿ, ತಪಸ್ಸುಕಾಲ, ಪಾಸ್ಖ (ಈಸ್ಟರ್) ಕಾಲಗಳನ್ನು ಬಿಟ್ಟು ಉಳಿದ ಮೂವತ್ತಮೂರೋ ಮೂವತ್ತನಾಲ್ಕೋ ವಾರಗಳಿಗೆ ಧರ್ಮಸಭೆಯ ಪಂಚಾಂಗ ಕೊಟ್ಟಿರುವ ಹೆಸರದು. ಗುರುಗಳು ಹಸಿರು ವಸ್ತ್ರ ತೊಡುವ ಕಾಲ. ಹಬ್ಬವಿಲ್ಲದ ದಿನಗಳ ಬದುಕನ್ನು, ಬಾಡಿಗೆಯನ್ನು, ಬಸ್ಸನ್ನು, ಮಕ್ಕಳ ಪರೀಕ್ಷೆಯನ್ನು ವಿಶ್ವಾಸದ ಕಣ್ಣಿನಿಂದ ನೋಡಬಯಸುವ ಬರವಣಿಗೆಗೆ ಇದಕ್ಕಿಂತ ಒಪ್ಪುವ ಹೆಸರನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಪ್ರಾರ್ಥನೆಯ ಪದಗಳನ್ನು ಆರಿಸುವಾಗ ಎರಡು ಎಚ್ಚರಗಳು ಬೇಕು. ಒಳಗಿನವರಿಗೆ ಪವಿತ್ರವಾದ ಪದ ಹೊರಗಿನವರಿಗೆ ಬೇರೆಯದೇ ಚಿತ್ರವನ್ನು ಕೊಡಬಹುದು. 'ಬಲಿಪೂಜೆ' ನಮಗೆ ಯೇಸುಸ್ವಾಮಿಯ ಆತ್ಮಾರ್ಪಣೆಯ ನೆನಪು. ಪಕ್ಕದ ಮನೆಯವರಿಗೆ ಅದು ಕೋಳಿ ಕುರಿಗಳ ಬಲಿಯನ್ನು ನೆನಪಿಸಿದರೆ ಅವರದು ತಪ್ಪಲ್ಲ, ಕನ್ನಡದಲ್ಲಿ ಆ ಪದಕ್ಕೆ ಆ ಅರ್ಥವೂ ಉಂಟು. ಇನ್ನೊಂದು, ಮುದ್ರಿತ ಹಾಳೆಯ ಮುಂದಿನ ಗತಿಯನ್ನು ಯೋಚಿಸಬೇಕು. ಪತ್ರಿಕೆ ಒಂದು ದಿನ ರದ್ದಿಗೆ ಹೋಗುತ್ತದೆ, ಕಡಲೆಕಾಯಿಯ ಪೊಟ್ಟಣವೂ ಆಗುತ್ತದೆ. ಆದ್ದರಿಂದ ಪರಮಪ್ರಸಾದದ ಹೆಸರನ್ನಾಗಲಿ ಯೇಸುನಾಮವನ್ನಾಗಲಿ ಮುಖಪುಟದ ತಲೆಯಲ್ಲಿ ದೊಡ್ಡಕ್ಷರದಲ್ಲಿ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಇದು ನಿಯಮವಲ್ಲ, ನನ್ನ ಅಭಿಪ್ರಾಯ.

ಪದವೊಂದು ನಾವು ಯಾರೆಂಬುದನ್ನೂ ತಿಳಿಸುತ್ತದೆ. ನಾವು 'ಶುಭಸಂದೇಶ' ಎನ್ನುವುದನ್ನು ಪ್ರೊಟೆಸ್ಟಂಟ್ ಸಭೆಗಳವರು 'ಸುವಾರ್ತೆ' ಎನ್ನುತ್ತಾರೆ. ನಮ್ಮ 'ಪ್ರೇಷಿತರು' ಅವರಿಗೆ 'ಅಪೊಸ್ತಲರು', ನಮ್ಮ 'ಯೊವಾನ್ನ' ಅವರಿಗೆ 'ಯೋಹಾನ'. ಹೆಸರಿನಲ್ಲಿ 'ಕಥೋಲಿಕ' ಎಂಬ ಮಾತು ಎಲ್ಲೂ ಇಲ್ಲದಿದ್ದರೂ 'ಪ್ರೇಷಿತ' ಎಂಬ ಒಂದೇ ಪದವನ್ನು ಕಂಡ ಓದುಗರಿಗೆ ಇದು ಯಾರ ಮನೆಯ ಮಾತೆಂದು ತಿಳಿಯುತ್ತದೆ.

ಎರಡನೆಯ ಜಾಗ ನಮ್ಮ ಮನೆಗಳ ಮತ್ತು ಊರುಗಳ ಹೆಸರುಗಳು; ಇಲ್ಲಿ ಸಿಗುವಷ್ಟು ಸಂಪತ್ತು ಬೇರೆಲ್ಲೂ ಇಲ್ಲವೆಂದು ನನ್ನ ನಂಬಿಕೆ. ಬೆಂಗಳೂರು, ಕನಕಪುರ, ಆನೇಕಲ್ಲು ಕಡೆಯ ಹಳೆಯ ಕಥೋಲಿಕ ಮನೆತನಗಳ ಹೆಸರುಗಳನ್ನು ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಒಮ್ಮೆ ನೋಡಿ. ಇಗ್ನಾಸಿ ಇನ್ನಾಸಪ್ಪನಾಗಿದ್ದಾರೆ, ಜೇವಿಯರ್ ಚೌರಪ್ಪನಾಗಿದ್ದಾರೆ, ಅಂತೋಣಿ ಅಂತೋಣಪ್ಪನಾಗಿದ್ದಾರೆ. ಇವು ಉಚ್ಚಾರಣೆ ಬದಲಾದ ಹೆಸರುಗಳು. ಅದಕ್ಕಿಂತ ಸೊಗಸಾದುವು ಅರ್ಥವನ್ನೇ ಹಿಡಿದು ಬಂದ ಹೆಸರುಗಳು. ಪೌಲ ಎಂಬುದಕ್ಕೆ ಲತೀನಿನಲ್ಲಿ ಚಿಕ್ಕವನೆಂದು ಅರ್ಥ. ನೆರೆಯ ತಮಿಳಿನ ಮೂಲಕ ನಮ್ಮವರಿಗೆ ಬಂದ ಹೆಸರು ಚಿನ್ನಪ್ಪ; ಅಲ್ಲಿ 'ಚಿನ್ನ' ಎಂದರೆ ಚಿಕ್ಕ. ಯೊವಾನ್ನ ಎಂದರೆ ದೇವರ ಕೃಪೆ. ಅರುಳಪ್ಪ ಎಂಬಲ್ಲಿನ 'ಅರುಳ್' ಎಂಬುದೂ ಕೃಪೆಯೇ. 2022ರ ಮೇ 15ರಂದು ಸಂತಪದವಿಗೇರಿದ ದೇವಸಹಾಯಂ ಪಿಳ್ಳೈ ಅವರು 1745ರಲ್ಲಿ ದೀಕ್ಷಾಸ್ನಾನ ಪಡೆದಾಗ ಆಯ್ದುಕೊಂಡದ್ದು ಲಾಜರ ಎಂಬ ಹೆಸರಿನ ಅರ್ಥವನ್ನೇ: ದೇವರೇ ಸಹಾಯ. ಹೆಸರನ್ನು ತರುವಾಗ ಶಬ್ದವನ್ನು ಹೊತ್ತು ತರಬೇಕಿಲ್ಲ, ಅರ್ಥವನ್ನು ತಂದರೆ ಅದು ಇಲ್ಲಿನ ಮಣ್ಣಿನಲ್ಲೇ ಬೇರು ಬಿಡುತ್ತದೆ ಎಂಬುದನ್ನು ನಮ್ಮ ಹಿರಿಯರು ಇಷ್ಟು ಹಿಂದೆಯೇ ಮಾಡಿ ತೋರಿಸಿದ್ದಾರೆ.

ಊರುಗಳಲ್ಲಿಯೂ ಇದೇ ಜಾಣ್ಮೆ ಕಾಣುತ್ತದೆ. ನಗರದ ಅಂಚಿನಲ್ಲಿ ಮರಿಯಮ್ಮನವರ ಹೆಸರಿನ ಮರಿಯಾಪುರವಿದೆ, ಶಿಲುವೆಯ ಹೆಸರನ್ನೇ ಹೊತ್ತ ಶಿಲ್ವೆಪುರವಿದೆ. ಹೊಸೂರು ರಸ್ತೆಯ ಬಳಿಯ ಗುರುಮಠಕ್ಕೆ 'ಧರ್ಮಾರಾಮ' ಎಂದು ಹೆಸರಿಟ್ಟವರು ಧರ್ಮದ ಉದ್ಯಾನವೆಂಬ ಚಿತ್ರವನ್ನು ಎರಡು ಸಂಸ್ಕೃತ ಪದಗಳಲ್ಲಿ ಕೂರಿಸಿದರು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮಾಗಡಿ ರಸ್ತೆಯ 'ಸುಮನಹಳ್ಳಿ'. ಕುಷ್ಠರೋಗಿಗಳ ಆರೈಕೆಗಾಗಿ ಬೆಂಗಳೂರು ಮಹಾಧರ್ಮಕ್ಷೇತ್ರದ ಮುತುವರ್ಜಿಯಿಂದ 1970ರ ದಶಕದಲ್ಲಿ ಆರಂಭವಾದ ಕೇಂದ್ರದ ಹೆಸರದು: ಒಳ್ಳೆಯ ಮನಸ್ಸಿನವರ ಹಳ್ಳಿ. ಸಮಾಜ ಹತ್ತಿರ ಸೇರಿಸದಿದ್ದ ಜನರು ಇರುವ ಜಾಗಕ್ಕೆ ರೋಗದ ಹೆಸರನ್ನು ಹಚ್ಚದೆ, ಮನಸ್ಸಿನ ಹೆಸರನ್ನು ಕೊಟ್ಟರು. ಇಂದು ಹೊರವರ್ತುಲ ರಸ್ತೆಯ ಬಸ್ಸಿನಲ್ಲಿ ನಿರ್ವಾಹಕರು 'ಸುಮನಹಳ್ಳಿ, ಸುಮನಹಳ್ಳಿ' ಎಂದು ಕೂಗುವಾಗ, ಅದು ಎಂದಿನಿಂದಲೋ ಇದ್ದ ಹಳ್ಳಿಯ ಹೆಸರೆಂದೇ ಬಹುಪಾಲು ಪ್ರಯಾಣಿಕರು ತಿಳಿದಿರುತ್ತಾರೆ.

ಊರಿನ ಹೆಸರನ್ನು ಪತ್ರಿಕೆಗೆ ಇಡುವುದಾದರೆ ಮಾತ್ರ ಒಂದು ಹಳೆಯ ಸಂಗತಿಯನ್ನು ನೆನಪಿಡಬೇಕು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಹೊರತಂದರು. ಮರುವರ್ಷ ಮುದ್ರಣ ಬಳ್ಳಾರಿಗೆ ಹೋದಾಗ ಅದು 'ಕನ್ನಡ ಸಮಾಚಾರ'ವಾಗಬೇಕಾಯಿತು. ಬಾಡಿಗೆ ಮನೆ ಬದಲಿಸಿದಂತೆ ಜನ ಬಡಾವಣೆ ಬದಲಿಸುವ ಬೆಂಗಳೂರಿನಲ್ಲಿ, ಬೀದಿಯ ಹೆಸರಿಗೆ ಕಟ್ಟುಬಿದ್ದ ಪತ್ರಿಕೆಗೆ ಈ ಕಷ್ಟ ಬೇಗ ಬರುತ್ತದೆ. ಮಂಗಳೂರಿನ ಕೊಂಕಣಿ ಕಥೋಲಿಕರು ಬೇರೆ ದಾರಿ ಹಿಡಿದರು. 1912ರ 'ಕೊಂಕಣಿ ದಿರ್ವೆಂ' ಎಂಬಲ್ಲಿ 'ದಿರ್ವೆಂ' ಎಂದರೆ ಸಂಪತ್ತು. 1938ರಲ್ಲಿ ಬಂದ 'ರಾಕ್ಣೊ' ಎಂದರೆ ಕಾಯುವವನು. ಎರಡೂ ಮನೆಮಾತಿನ ಪದಗಳು, ಯಾವ ಊರಿಗೆ ಹೋದರೂ ನಡೆಯುವ ಪದಗಳು.

ಮೂರನೆಯ ಜಾಗ ಪವಿತ್ರ ಗ್ರಂಥ. ಇಲ್ಲಿ ನಾವೆಲ್ಲ ಮಾಡುವ ತಪ್ಪು ಗುಣಗಳ ಹೆಸರುಗಳನ್ನು ಹುಡುಕುವುದು: ಪ್ರೀತಿ, ಶಾಂತಿ, ಭರವಸೆ, ಸತ್ಯ. ಯೇಸುಸ್ವಾಮಿ ಬೋಧಿಸುವಾಗ ಹೀಗೆ ಮಾತನಾಡಲಿಲ್ಲ. ಉಪ್ಪು, ಹುಳಿಹಿಟ್ಟು, ಸಾಸಿವೆ ಕಾಳು, ಕಳೆದುಹೋದ ನಾಣ್ಯ, ದ್ರಾಕ್ಷಾಬಳ್ಳಿ, ಬಲೆ ಎಂದು ಕೈಗೆ ಸಿಗುವ ವಸ್ತುಗಳನ್ನೇ ಎತ್ತಿಕೊಂಡರು. ಆದ್ದರಿಂದ ಶುಭಸಂದೇಶಗಳನ್ನು ಓದುತ್ತಾ ವಸ್ತುಗಳ ಪಟ್ಟಿಯನ್ನು ಮಾಡಿ. ಕಾನಾ ಊರಿನ ಮದುವೆಯ ಮನೆಯಲ್ಲಿ ಆರು ಕಲ್ಲಿನ ಬಾನೆಗಳಿದ್ದವು, ಒಂದೊಂದರಲ್ಲೂ ಸುಮಾರು ಎಂಬತ್ತರಿಂದ ನೂರಿಪ್ಪತ್ತು ಲೀಟರ್ ನೀರು ಹಿಡಿಯುತ್ತಿತ್ತು. ಯೊವಾನ್ನನ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ನಡುಮಧ್ಯಾಹ್ನ ಯಕೋಬನ ಬಾವಿಗೆ ಬಂದ ಸಮಾರಿಯದ ಹೆಂಗಸು, ಯೇಸುವಿನ ಮಾತು ಕೇಳಿದ ಮೇಲೆ ಊರಿನವರಿಗೆ ತಿಳಿಸಲು ತನ್ನ ಕೊಡವನ್ನು ಅಲ್ಲೇ ಬಿಟ್ಟು ಓಡುತ್ತಾಳೆ. ಬೇಸಿಗೆಯಲ್ಲಿ ಟ್ಯಾಂಕರ್ ಬರುವ ಹೊತ್ತಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿಟ್ಟು ಕಾದು ನಿಂತ ನಮ್ಮ ಬಡಾವಣೆಯ ಹೆಂಗಸರಿಗೆ, ತುಂಬಿಸಲು ತಂದ ಕೊಡವನ್ನು ಬಿಟ್ಟು ಹೋಗುವುದೆಂದರೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ. ಹೆಂಗಸರ ವಿಶ್ವಾಸದ ಅನುಭವಗಳಿಗೆ ಮೀಸಲಾದ ಪತ್ರಿಕೆಯನ್ನು ಯಾರಾದರೂ ಆರಂಭಿಸುವುದಾದರೆ 'ಬಿಟ್ಟ ಕೊಡ' ಎಂಬ ಹೆಸರನ್ನು ಯೋಚಿಸಲಿ ಎಂದು ನಾನು ಮನಸಾರೆ ಕೋರುತ್ತೇನೆ.

ನಮ್ಮ ಕೆಲಸಕ್ಕೆ ಒಪ್ಪಿದ ವಸ್ತು ಅದೇ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿತ್ತು. ಐದು ಜವೆಗೋಧಿಯ ರೊಟ್ಟಿ, ಎರಡು ಮೀನು, ಹುಲ್ಲಿನ ಮೇಲೆ ಕುಳಿತ ಐದು ಸಾವಿರ ಗಂಡಸರು; ಇದು ಎಲ್ಲರಿಗೂ ಗೊತ್ತು. ಊಟವಾದ ಮೇಲಿನ ಮಾತನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಉಳಿದ ತುಣುಕುಗಳು ಹಾಳಾಗಬಾರದು, ಕೂಡಿಸಿರಿ ಎಂದು ಯೇಸು ಶಿಷ್ಯರಿಗೆ ಹೇಳುತ್ತಾರೆ, ಹನ್ನೆರಡು ಬುಟ್ಟಿ ತುಂಬುತ್ತದೆ. ಹಿರಿಯರ ಬಾಯಲ್ಲಿ ಉಳಿದಿರುವ ತುಣುಕುಗಳನ್ನು ಹಾಳಾಗದಂತೆ ಕೂಡಿಸುವುದೇ ನಮ್ಮ ಕೆಲಸ ತಾನೇ? 'ಹನ್ನೆರಡು ಬುಟ್ಟಿ' ಎಂದು ಬರೆದುಕೊಂಡೆವು. ಬುಟ್ಟಿಯೋ, ಕುಕ್ಕೆಯೋ, ಮಂಕರಿಯೋ ಎಂಬ ಚರ್ಚೆ ಒಂದು ಭಾನುವಾರ ಪೂರ್ತಿ ನಡೆಯಿತು. ಮಂಕರಿ ನಮ್ಮ ಹಳ್ಳಿಗಳ ಪದವಾದರೂ ಅದರಲ್ಲಿ ಗೊಬ್ಬರ ಹೊರುತ್ತಾರೆ ಎಂದು ಒಬ್ಬ ತಾಯಿ ಹೇಳಿದ ಮೇಲೆ ಬುಟ್ಟಿಯೇ ಉಳಿಯಿತು.

ಗ್ರಂಥದಲ್ಲಿರುವ ಹೀಬ್ರೂ, ಅರಮಾಯಿಕ್ ಪದಗಳ ಆಕರ್ಷಣೆಗೆ ಯುವಜನರು ಬೇಗ ಒಳಗಾಗುತ್ತಾರೆ. 'ಎಫ್ಫಾಥ' ಎಂಬುದು ಮಾರ್ಕನ ಏಳನೆಯ ಅಧ್ಯಾಯದಲ್ಲಿ ಕಿವುಡನನ್ನು ಗುಣಪಡಿಸುವಾಗ ಯೇಸು ಆಡಿದ ಮಾತು. ಅದರ ಅರ್ಥ 'ತೆರೆದುಕೋ' ಎಂದಿರುವಾಗ, ಆ ಕನ್ನಡ ಪದವನ್ನೇ ಏಕೆ ಇಡಬಾರದು?

ಇನ್ನೊಂದು ದಾರಿಯನ್ನು ಧರ್ಮಸಭೆಯ ಸಂಪ್ರದಾಯವೇ ಕಲಿಸುತ್ತದೆ. ವಿಶ್ವಗುರುಗಳ (ಪೋಪರ) ಪರಿಪತ್ರಗಳಿಗೆ ಬೇರೆ ಶೀರ್ಷಿಕೆಯನ್ನು ಹುಡುಕುವುದಿಲ್ಲ. ಬರಹದ ಮೊದಲ ಒಂದೆರಡು ಪದಗಳೇ ಅದರ ಹೆಸರಾಗುತ್ತವೆ. ದುಡಿಯುವವರ ಹಕ್ಕುಗಳ ಬಗೆಗಿನ 1891ರ 'ರೇರುಂ ನೊವಾರುಂ', ಭೂಮಿಯ ಕಾಳಜಿಯ ಬಗೆಗಿನ 2015ರ 'ಲಾವ್ದಾತೊ ಸೀ' ಹೀಗೆ ಹೆಸರು ಪಡೆದವು. ಮರಿಯಮ್ಮನವರ ಸ್ತುತಿಗೀತೆಯನ್ನು ಇಡೀ ಜಗತ್ತು 'ಮಗ್ನಿಫಿಕಾತ್' ಎಂದು ಕರೆಯುವುದೂ ಅದರ ಮೊದಲ ಲತೀನ್ ಪದದಿಂದಲೇ. ದಾಸರ ಪದಗಳನ್ನು ಪಲ್ಲವಿಯ ಮೊದಲ ಮಾತಿನಿಂದ ಗುರುತಿಸುವ ಕನ್ನಡಿಗರಿಗೆ ಈ ಕ್ರಮ ಹೊಸದಲ್ಲ. ಆದ್ದರಿಂದ ಹೆಸರು ಸಿಗದೆ ಸೋತಾಗ ಮೊದಲ ಸಂಚಿಕೆಯ ಮೊದಲ ಲೇಖನವನ್ನು ಬರೆದುಬಿಡಿ, ಅದರ ಮೊದಲ ಸಾಲನ್ನು ಮತ್ತೆ ಮತ್ತೆ ಓದಿ. ಮನಸ್ಸಿಟ್ಟು ಬರೆದಿದ್ದರೆ ಆ ಸಾಲಿನಲ್ಲಿ ಎರಡು ಪದ ಎದ್ದು ನಿಲ್ಲುತ್ತವೆ.

ಸಂತರ ಹೆಸರನ್ನು ಇಡುವವರಿಗೆ ಹೆಚ್ಚೇನೂ ಹೇಳಬೇಕಿಲ್ಲ. ಬರಹಗಾರರ ಪಾಲಕ ಸಂತರು ಫ್ರಾನ್ಸಿಸ್ ದೆ ಸಾಲ್. 1923ರಲ್ಲಿ ವಿಶ್ವಗುರು ಹನ್ನೊಂದನೆಯ ಪಿಯುಸ್ ಅವರು ಹಾಗೆ ಘೋಷಿಸಿದರು. ತಮ್ಮ ಉಪದೇಶಕ್ಕೆ ಜನ ಬಾರದಿದ್ದಾಗ ಬೋಧನೆಗಳನ್ನು ಹಾಳೆಗಳಲ್ಲಿ ಬರೆದು ಮನೆಗಳ ಬಾಗಿಲಡಿ ತೂರಿಸುತ್ತಿದ್ದವರು ಅವರು. ಸಂತರ ಹೆಸರನ್ನು ನೇರವಾಗಿ ಇಡುವುದಕ್ಕಿಂತ, ಅವರ ಬದುಕಿನ ಇಂಥ ಒಂದು ಗಳಿಗೆಯನ್ನು ಹಿಡಿದು 'ಬಾಗಿಲಡಿ' ಎಂದರೆ ಓದುಗರು ಕಥೆಯನ್ನು ಕೇಳಿ ತಿಳಿಯುತ್ತಾರೆ.

'ಕಥೋಲಿಕ' ಎಂಬ ಪದದ ವಿಷಯ ಮಾತ್ರ ಗಂಭೀರವಾದದ್ದು. ನಾವು ಮೊದಲು ಒಪ್ಪಿಕೊಂಡಿದ್ದ ಹೆಸರಿನಲ್ಲಿ ಆ ಪದವಿತ್ತು. ಶೀರ್ಷಿಕೆಯ ಅಕ್ಷರಗಳ ವಿನ್ಯಾಸವೂ ಮುಗಿದಿತ್ತು, ವಿನ್ಯಾಸಕಾರರಿಗೆ ಹಣವನ್ನೂ ಕೊಟ್ಟಾಗಿತ್ತು. ಆಮೇಲೆ ಗುರುಗಳಿಗೆ ತೋರಿಸಿದಾಗ ಅವರು ಕಪಾಟಿನಿಂದ ಧರ್ಮಸಭೆಯ ಕಾನೂನು ಸಂಹಿತೆಯನ್ನು ತೆಗೆದು 216ನೆಯ ವಿಧಿಯನ್ನು ಓದಿದರು. 1983ರ ಆ ಸಂಹಿತೆಯ ಪ್ರಕಾರ ಪ್ರೇಷಿತ ಕಾರ್ಯಗಳನ್ನು ಸ್ವಂತ ಮುತುವರ್ಜಿಯಿಂದ ಆರಂಭಿಸುವ ಹಕ್ಕು ಎಲ್ಲ ವಿಶ್ವಾಸಿಗಳಿಗೂ ಇದೆ. ಆದರೆ ಅಧಿಕಾರವುಳ್ಳವರ ಒಪ್ಪಿಗೆಯಿಲ್ಲದೆ ಯಾವ ಕಾರ್ಯವೂ ತನ್ನನ್ನು 'ಕಥೋಲಿಕ' ಎಂದು ಕರೆದುಕೊಳ್ಳುವಂತಿಲ್ಲ. ಧರ್ಮಾಧ್ಯಕ್ಷರಿಗೆ ಬರೆದು ಕೇಳಬಹುದಿತ್ತು. ಆದರೆ ಯೋಚಿಸಿದಾಗ ನಮಗೆ ಆ ಹೆಸರಿನ ಅಗತ್ಯವೇ ಕಾಣಲಿಲ್ಲ. ನಮ್ಮ ಬರಹ ಇಡೀ ಧರ್ಮಸಭೆಯ ದನಿಯೆಂದು ಯಾರಾದರೂ ತಿಳಿದರೆ ಅದು ಓದುಗರಿಗೆ ಮಾಡುವ ಅನ್ಯಾಯ. ವಿನ್ಯಾಸಕ್ಕೆ ಹಣ ಕೊಡುವ ಮೊದಲು ಗುರುಗಳ ಬಳಿ ಹೋಗಿ ಎಂಬುದು ನನ್ನ ಬಿನ್ನಹ.

ಹೆಸರು ಎರಡು ಮೂರಕ್ಕೆ ಇಳಿದ ಮೇಲೆ ಒರೆಗೆ ಹಚ್ಚುವ ಕೆಲಸ. ಮೊದಲು ವಿಭಕ್ತಿ ಹಚ್ಚಿ ನೋಡಿ. 'ಸಾಧಾರಣ ಕಾಲದಲ್ಲಿ ಓದಿದೆ', 'ಹನ್ನೆರಡು ಬುಟ್ಟಿಗೆ ಬರೆದುಕೊಟ್ಟೆ' ಎನ್ನುವಾಗ ನಾಲಿಗೆ ತಡವರಿಸಬಾರದು. 'ಸಾಧಾರಣ ಕಾಲದಲ್ಲಿ' ಎಂದಾಗ ಪತ್ರಿಕೆಯೋ ಪಂಚಾಂಗದ ಕಾಲವೋ ಎಂಬ ಗೊಂದಲ ಬರುತ್ತದೆ ಎಂಬುದು ಹೀಗೆ ಆಡಿ ನೋಡಿದಾಗಲೇ ನಮಗೆ ಹೊಳೆದದ್ದು. ಆಮೇಲೆ ಬಲಿಪೂಜೆಯ ಕೊನೆಯ ಪ್ರಕಟಣೆಯನ್ನು ಓದುವವರ ಕೈಗೆ ಚೀಟಿ ಕೊಟ್ಟು, 'ಈ ತಿಂಗಳ ಸಂಚಿಕೆ ದೇವಾಲಯದ ಬಾಗಿಲಲ್ಲಿ ಸಿಗುತ್ತದೆ' ಎಂಬ ವಾಕ್ಯದಲ್ಲಿ ಹೆಸರನ್ನು ಸೇರಿಸಿ ಧ್ವನಿವರ್ಧಕದಲ್ಲಿ ಓದಿಸಿ. ಫ್ಯಾನಿನ ಸದ್ದಿನ ನಡುವೆ ಕೊನೆಯ ಬೆಂಚಿಗೆ ಕೇಳಿಸಿದ್ದು ಏನೆಂದು ವಿಚಾರಿಸಿ. ಒತ್ತಕ್ಷರ ಹೆಚ್ಚಿರುವ ಹೆಸರನ್ನು ಚಿಕ್ಕ ಅಕ್ಷರದಲ್ಲಿ ಮುದ್ರಿಸಿ ನೋಡುವುದೂ ಒಳ್ಳೆಯದು.

ಸಾರ್ವಜನಿಕ ಸುದ್ದಿಯುಳ್ಳ ನಿಯತಕಾಲಿಕವಾದರೆ ಸರ್ಕಾರದ ನೋಂದಣಿಯ ವಿಷಯವೂ ಇದೆ. 2024ರ ಮಾರ್ಚ್ 1ರಿಂದ ಜಾರಿಯಾಗಿರುವ ಹೊಸ ಕಾಯ್ದೆಯಂತೆ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಅವರ ಪ್ರೆಸ್ ಸೇವಾ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬೇಕು. ದೇಶದಲ್ಲಿ ಎಲ್ಲೇ ಆಗಲಿ ಅದೇ ಭಾಷೆಯಲ್ಲಿ, ಇಲ್ಲವೇ ಅದೇ ರಾಜ್ಯದಲ್ಲಿ ಬೇರೆ ಭಾಷೆಯಲ್ಲಿ ಇನ್ನೊಬ್ಬರು ಹೊಂದಿರುವ ಶೀರ್ಷಿಕೆಯನ್ನು ಹೋಲುವ ಹೆಸರು ಸಿಗುವುದಿಲ್ಲ. ಜ್ಯೋತಿ, ವಾಣಿ, ಕಿರಣಗಳು ಇಲ್ಲಿಯೂ ತೊಡಕಾಗುತ್ತವೆ.

ಕಳೆದ ಭಾನುವಾರ ಉಳಿದ ಎರಡು ಹೆಸರುಗಳನ್ನು ನಮ್ಮ ಹಿರಿಯ ಉಪದೇಶಿಗಳ ಮುಂದೆ ಇಟ್ಟೆವು. 'ಸಾಧಾರಣ ಕಾಲ' ಎಂದಾಗ ತಲೆಯಾಡಿಸಿದರು. 'ಹನ್ನೆರಡು ಬುಟ್ಟಿ' ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ನಮ್ಮ ತೇರಿಗೆ ಮೊದಲು ಗಾಲಿ ಮಾಡಿಕೊಟ್ಟ ಆಚಾರಿಯ ವಿಷಯ ಬರೆದುಕೊಳ್ಳಿ, ಅದು ನನಗೊಬ್ಬನಿಗೇ ಗೊತ್ತು' ಎಂದರು. ನಾವು ಹಾಜರಿ ಪುಸ್ತಕದಲ್ಲಿ ಹೊಸ ಹಾಳೆ ತಿರುಗಿಸಿದೆವು.